ಹಿಮಕ್ಕೊಬ್ಬ ಆರನೆಯವನು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಕಾರಣ ಒಂದು ಕಂಬ. ಪೋರ್ಟ್ ಹಾಲೆಕ್ ಊರಿನ ಹಳೆಯ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಮ್ಮಿನ ಮೇಲಂತಸ್ತನ್ನು ಹೊತ್ತು ನಿಂತ ಕಬ್ಬಿಣದ ಕಂಬಗಳಲ್ಲಿ ಅದೂ ಒಂದು. ಕಾರ್ಪೆಟ್ ಅಂಗಡಿಯ ರೇ ಹವ್ರಾನೆಕ್ ಇಪ್ಪತ್ತೆರಡು ವರ್ಷದಿಂದ ಅದೇ ಕಂಬದ ಹಿಂದೆ ಕೂತು ಟಗ್ಸ್ ತಂಡದ ಆಟ ನೋಡುತ್ತ ಬಂದಿದ್ದ. ನೋಡುತ್ತ ಬಂದಿದ್ದ ಅನ್ನುವುದೂ ದೊಡ್ಡ ಮಾತೇ. ಎಡಗಡೆಯ ಆಟ ಅವನ ಕಣ್ಣಿಗೆ ಬೀಳುತ್ತಿತ್ತು. ಬಲಗಡೆಯದನ್ನು ಜನರ ಕೂಗು ಕೇಳಿ ಊಹೆ ಮಾಡಿಕೊಳ್ಳುತ್ತಿದ್ದ.

ಅವನ ಅಕ್ಕನ ಗಂಡ ನಾರ್ಬರ್ಟ್ ಗ್ರುಸ್ಕಾನಿಗೆ ಈ ಕಂಬದ ಕಾಟವಿರಲಿಲ್ಲ. ಅವನದು ಮೂವತ್ತೊಂದನೆಯ ಸಾಲು, ಹದಿನಾಲ್ಕು ಮತ್ತು ಹದಿನೈದನೆಯ ಸೀಟು, ಮೈದಾನದ ನಟ್ಟನಡುವಿಗೆ ಎದುರಾಗಿ. ಅವನಪ್ಪ ಕ್ಯಾಜ್ ಗ್ರುಸ್ಕಾ ಬಂದರಿನಲ್ಲಿ ಹಡಗುಗಳಿಂದ ಗೋಧಿ ಇಳಿಸುತ್ತಿದ್ದ ಕಾಲದಲ್ಲಿ ಹಿಡಿದ ಸೀಟುಗಳು. ಆ ಊರಿನಲ್ಲಿ ಅಂಥ ಸೀಟನ್ನು ಯಾರೂ ಬಿಟ್ಟುಕೊಡುವುದಿಲ್ಲ. ಉಯಿಲು ಬರೆದರೆ ಮನೆಗಿಂತ ಮೊದಲು ಅದರ ಹೆಸರು ಬರುತ್ತದೆ. ಕ್ಯಾಜ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹದಿನಾಲ್ಕರಲ್ಲಿ ನಾರ್ಬ್ ಕೂರುತ್ತಿದ್ದ. ಹದಿನೈದರಲ್ಲಿ ಅಪ್ಪನ ಕಿವಿ ಮುಚ್ಚುವ ಕೆಂಪು ಟೋಪಿ ಕೂರುತ್ತಿತ್ತು. ಪ್ರತಿ ಆಟಕ್ಕೂ ನಾರ್ಬ್ ಎರಡು ಸಾಸೇಜ್ ಬನ್ನು ತರುತ್ತಿದ್ದ. ಅಪ್ಪನ ಪಾಲಿನದನ್ನು ಟೋಪಿಯ ಪಕ್ಕ ಇಟ್ಟು, ಅರ್ಧ ಆಟ ಕಳೆದ ಮೇಲೆ, "ನಿಂಗೆ ಬೇಡ್ವಾ? ಸರಿ ಬಿಡು" ಎಂದು ಅದನ್ನೂ ತಾನೇ ತಿನ್ನುತ್ತಿದ್ದ.

"ಒಂದು ಟೋಪಿಗೆ ಇಡೀ ಮೈದಾನ ಕಾಣುತ್ತೆ, ಸ್ವಂತ ಬಾಮೈದನಿಗೆ ಕಂಬ ಕಾಣುತ್ತೆ" ಎಂದು ರೇ ಪ್ರತಿ ಕ್ರಿಸ್ಮಸ್ಸಿನ ಊಟದಲ್ಲೂ ಒಮ್ಮೆ ಹೇಳುತ್ತಿದ್ದ. ನಾರ್ಬ್ ಕೇಳಿಸದವನಂತೆ ಆಲೂಗಡ್ಡೆ ಬಡಿಸಿಕೊಳ್ಳುತ್ತಿದ್ದ.

ಅದು ಆಗಸ್ಟ್ ತಿಂಗಳ ಕೊನೆಯ ಮಂಗಳವಾರ. ಮೊಬೈಲು ಇನ್ನೂ ಎಲ್ಲರ ಜೇಬಿಗೆ ಬಂದಿರದ ಕಾಲ. ಬೇಸಿಗೆ ತಾಲೀಮಿಗೆ ಬಂದ ಆಟಗಾರರನ್ನೆಲ್ಲ ಜರಡಿ ಹಿಡಿದು, ಐವತ್ತಮೂರು ಜನರನ್ನಷ್ಟೇ ಉಳಿಸಿಕೊಂಡು, ಮಿಕ್ಕವರನ್ನು ಊರಿಗೆ ಕಳಿಸುವ ದಿನ. ಸಂಜೆ ನಾಲ್ಕಕ್ಕೆ ರೇಡಿಯೋದಲ್ಲಿ ಪಟ್ಟಿ ಓದುತ್ತಾರೆ. ಪೋರ್ಟ್ ಹಾಲೆಕ್ಕಿನವರು ಆ ದಿನ ಮದುವೆ ಇಟ್ಟುಕೊಳ್ಳುವುದಿಲ್ಲ. ಸಾಯುವವರೂ ಐದು ಗಂಟೆಯವರೆಗೆ ತಡೆದುಕೊಳ್ಳುತ್ತಾರೆ ಎಂದು ಹೇಳುವುದುಂಟು.

ಬೆಳಿಗ್ಗೆ ಏಳಕ್ಕೇ ಗಸ್‌ನ ಕ್ಷೌರದಂಗಡಿ ತುಂಬಿಹೋಗಿತ್ತು. ಕ್ಷೌರಕ್ಕೆ ಬಂದವನು ಒಬ್ಬ, ಬಾಯಿ ಹಾಕಲು ಬಂದವರು ಎಂಟು ಜನ. ಕ್ಷೌರಕ್ಕೆ ಬಂದವನು ನಾರ್ಬ್. ಅವನು ನಗರದ ರಸ್ತೆ ಇಲಾಖೆಯ ನೌಕರ; ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವುದು, ಬೇಸಿಗೆಯಲ್ಲಿ ರಸ್ತೆಯ ನಡುವೆ ಹಳದಿ ಗೆರೆ ಎಳೆಯುವುದು ಅವನ ಕೆಲಸ. ಕೊರಳಿಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಕುರ್ಚಿಯಲ್ಲಿ ಕೂತೇ ಅವನು ಘೋಷಿಸಿದ:

"ಆರು. ಆರು ಜನ ರಿಸೀವರ್ ಇರ್ಲೇಬೇಕು."

ಅಂಚಿನಲ್ಲಿ ಓಡಿಹೋಗಿ, ದೂರದಿಂದ ಎಸೆದ ಚೆಂಡನ್ನು ಗಾಳಿಯಲ್ಲೇ ಹಿಡಿಯುವವರು ಈ ರಿಸೀವರುಗಳು. ಅವರು ಐದು ಜನ ಸಾಕೋ ಆರು ಬೇಕೋ ಅನ್ನುವುದರ ಮೇಲೆ ಆ ಬೇಸಿಗೆ ಊರಿಗೆ ಊರೇ ಎರಡು ಹೋಳಾಗಿತ್ತು.

"ಐದು," ಅಂದ ರೇ, ಪತ್ರಿಕೆಯಿಂದ ತಲೆ ಎತ್ತದೆ. "ಇರೋದೇ ಐವತ್ಮೂರು ಜಾಗ ಭಾವ. ಅಂಚಲ್ಲಿ ಓಡಾಡೋ ಆರನೇ ನವಿಲಿಗೆ ಜಾಗ ಕೊಟ್ರೆ, ಮಧ್ಯದಲ್ಲಿ ನಿಂತು ಗುದ್ದೋ ಗೂಳಿ ಒಂದು ಕಮ್ಮಿ ಆಗುತ್ತೆ."

"ಆ ಐದರಲ್ಲಿ ಒಬ್ಬನಿಗೆ ಮಂಡಿ ನೋವು. ಇನ್ನೊಬ್ಬ ಕೈಗೆ ಬಂದ ಚೆಂಡನ್ನೂ ಕಾಲಿಗೆ ಹಾಕ್ಕೋತಾನೆ. ಆ ಹೊಸ ಹುಡುಗ ಕ್ವಿಂಟನ್ ಮೇಹ್ಯೂನ ಮನೆಗೆ ಕಳಿಸಿದ್ರೆ, ಡಿಸೆಂಬರಲ್ಲಿ ಚೆಂಡು ಹಿಡಿಯಕ್ಕೆ ನೀನು ಹೋಗ್ತೀಯಾ? ನಮ್ಮಪ್ಪ ಹೇಳೋನು, ಐವರು ಬಿಸಿಲಿಗೆ, ಆರನೆಯವನು ಹಿಮಕ್ಕೆ ಅಂತ. ಐವತ್ತೇಳನೇ ಇಸವಿ ಡಿಸೆಂಬರಲ್ಲಿ ಏನಾಯ್ತು ಗೊತ್ತಾ..."

"ಶುರುವಾಯ್ತಪ್ಪ ಐವತ್ತೇಳರ ಪುರಾಣ!" ಎಂದು ಎಂಟು ಜನರೂ ಒಟ್ಟಿಗೆ ಕೂಗಿದರು. ನಾರ್ಬ್ ಆ ಕತೆಯನ್ನು ಮೂವತ್ತು ವರ್ಷದಿಂದ ಹೇಳಲು ಹೊರಟಿದ್ದ. ಒಮ್ಮೆಯೂ ಯಾರೂ ಅವನನ್ನು ಎರಡನೆಯ ವಾಕ್ಯ ದಾಟಲು ಬಿಟ್ಟಿರಲಿಲ್ಲ.

ರೇ ಪತ್ರಿಕೆ ಮಡಿಚಿದ. "ಅಲ್ಲ ಭಾವ, ಎರಡು ಸೀಟು ಇಟ್ಕೊಂಡು ಒಬ್ಬನೇ ಕೂರೋ ನಿಂಗೆ ಲೆಕ್ಕ ಹ್ಯಾಗೆ ಬರಬೇಕು? ಟೋಪಿನೂ ಸೇರಿಸಿ ಎಣಿಸ್ತೀಯ. ಅದಕ್ಕೇ ಐದಕ್ಕೊಂದು ಸೇರಿ ಆರಾಗಿದೆ."

ಅಂಗಡಿಯೆಲ್ಲ ನಕ್ಕಿತು. ನಾರ್ಬ್‌ನ ಕಿವಿ ಕೆಂಪಾದವು. ಟೋಪಿಯ ವಿಷಯಕ್ಕೆ ಬಂದರೆ ಅವನಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ.

"ಹಾಗಾದ್ರೆ ಬಾಜಿ," ಅಂದ. "ಐದು ಅಂತ ಪಟ್ಟಿ ಬಂದ್ರೆ ಈ ಸೀಜನ್ ಪೂರ್ತಿ ನಮ್ಮಪ್ಪನ ಸೀಟು ನಿಂದು. ಆರು ಬಂತೋ, ಸಾಯೋವರೆಗೆ ನೀನು ಆ ಸೀಟಿನ ಸುದ್ದಿ ಎತ್ತೋ ಹಾಗಿಲ್ಲ."

ಆಡಿದ ಮೇಲೆ ನಾರ್ಬ್‌ಗೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರೇ ಆಗಲೇ ಕೈ ಚಾಚಿ ನಿಂತಿದ್ದ.

ಗಸ್‌ನ ಅಂಗಡಿಯಲ್ಲಿ ಬಾಜಿ ಕಟ್ಟಿದರೆ ಕನ್ನಡಿಯ ಮೂಲೆಯಲ್ಲಿ ಸೋಪಿನಿಂದ ಬರೆಯುವುದು ಸಂಪ್ರದಾಯ. 'ನಾರ್ಬ್ 6, ರೇ 5' ಎಂದು ಗಸ್ ದೊಡ್ಡದಾಗಿ ಬರೆದ. "ನಾಲ್ಕು ಗಂಟೆ ಹೊಡೆಯೋವರೆಗೆ ಇಬ್ರೂ ಒಪ್ಪಿದ್ರೆ ಬದಲಾಯಿಸ್ಬಹುದು. ಆಮೇಲೆ ದೇವರು ಬಂದ್ರೂ ಆಗಲ್ಲ" ಎಂದು ಕಾನೂನು ಓದಿದ. ಅಷ್ಟರಲ್ಲಿ ಹೊರಗೆ ರಸ್ತೆ ಇಲಾಖೆಯ ಲಾರಿ ಹಾರನ್ ಬಡಿಯತೊಡಗಿತು. ನಾರ್ಬ್ ಕನ್ನಡಿ ನೋಡಿಕೊಂಡ. ವಾದದ ಭರದಲ್ಲಿ ಗಸ್ ಎಡಗಡೆಯ ಕೂದಲನ್ನಷ್ಟೇ ಕತ್ತರಿಸಿದ್ದ. ಬಲಗಡೆ ಹಾಗೇ ಪೊದೆಯಾಗಿತ್ತು.

"ಗಸ್ಸಣ್ಣ, ಇದು..."

"ಸಂಜೆ ಬಾ, ಉಳಿದರ್ಧ ಮುಗಿಸೋಣ. ಅಲ್ಲೀವರೆಗೆ ಬಲಗಡೆಯಿಂದ ಯಾರ್ನೂ ಮಾತಾಡಿಸ್ಬೇಡ."

ಲಾರಿ ಓಡಿಸುತ್ತಿದ್ದವಳು ಹ್ಯಾಟೀ ಪರ್ಡಿ. ಹನ್ನೊಂದು ವರ್ಷದಿಂದ ಅವಳು ಮುಂದೆ ಲಾರಿ ಓಡಿಸುವುದು, ನಾರ್ಬ್ ಹಿಂದೆ ಬಣ್ಣದ ಯಂತ್ರ ಹಿಡಿದು ಗೆರೆ ಎಳೆಯುವುದು. ಅವಳು ನಾರ್ಬ್‌ನ ತಲೆಯನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿದಳು.

"ತಲೆ ಅರ್ಧ ಹೋಗಿದೆ, ಸರಿ. ಮುಖ ಯಾಕೆ ಪೂರ್ತಿ ಹೋಗಿದೆ?"

ನಾರ್ಬ್ ಬಾಜಿಯ ವಿಷಯ ಹೇಳಿದ. ಹ್ಯಾಟೀ ತಲೆ ಆಡಿಸಿದಳು. "ಅಯ್ಯೋ ಪುಣ್ಯಾತ್ಮ! ಶುಕ್ರವಾರದ ತಾಲೀಮಲ್ಲಿ ಇಬ್ರು ಗೂಳಿಗಳಿಗೆ ಏಟು ಬಿತ್ತಲ್ಲ, ಅವರ ಬದಲಿಗೆ ಇನ್ನಿಬ್ರನ್ನ ಇಟ್ಕೋಬೇಕು. ಆ ಜಾಗ ಎಲ್ಲಿಂದ ಬರುತ್ತೆ? ನಿನ್ನ ನವಿಲಿನ ಬಾಲದಿಂದಲೇ ತಾನೇ?"

ನಾರ್ಬ್ ಇದನ್ನು ಯೋಚಿಸಿರಲಿಲ್ಲ. ಇಡೀ ಬೇಸಿಗೆ ಅವನು ಆರು ಯಾಕೆ ಬೇಕು ಎಂದು ಯೋಚಿಸಿದ್ದನೇ ಹೊರತು, ಆರು ಇರುತ್ತದೆಯೇ ಎಂದು ಯೋಚಿಸಿರಲಿಲ್ಲ. ಇವೆರಡರ ನಡುವೆ ಎಷ್ಟು ದೂರವಿದೆ ಎನ್ನುವುದು ಈಗ ತಿಳಿಯುತ್ತ ಬಂತು. ಅಪ್ಪನ ಸೀಟಿನಲ್ಲಿ ರೇ ಕೂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ರೇ ಕೂತರೆ ಸುಮ್ಮನೆ ಕೂರುವವನಲ್ಲ. ಕಾಲು ಅಲ್ಲಾಡಿಸುತ್ತಾನೆ, ಕಡಲೆಕಾಯಿ ಸಿಪ್ಪೆ ಉಗುಳುತ್ತಾನೆ, ಪ್ರತಿ ಆಟಕ್ಕೂ ವ್ಯಾಖ್ಯಾನ ಕೊಡುತ್ತಾನೆ. ಆ ಸೀಟಿನ ಹಲಗೆಯ ಅಂಚಿನಲ್ಲಿ ಅಪ್ಪ ಚಾಕುವಿನಿಂದ ಕೆತ್ತಿದ ಎರಡಕ್ಷರ ಇದ್ದವು. ಅವುಗಳ ಮೇಲೆ ರೇ ಹವ್ರಾನೆಕ್!

"ನಾರ್ಬ್! ಗೆರೆ!" ಎಂದು ಹ್ಯಾಟೀ ಕಿರುಚಿದಳು.

ತಿರುಗಿ ನೋಡಿದರೆ, ಎಲ್ಮ್ ರಸ್ತೆಯ ನಡುವಿನ ಗೆರೆ ನೆಟ್ಟಗೆ ಬಂದು, ಬೇಕರಿಯ ಎದುರು ಸೊಂಟ ಬಳುಕಿಸಿ, ಪಾದಚಾರಿ ಹಾದಿಯ ಕಡೆ ಹೊರಟಿತ್ತು. ಯಂತ್ರ ನಿಲ್ಲಿಸುವಷ್ಟರಲ್ಲಿ ಲಾರಿಯ ವೈರ್‌ಲೆಸ್ಸು ಕಿರುಗುಟ್ಟಿತು. ಇಲಾಖೆಯ ಕಚೇರಿಯಿಂದ ಕರೆ. ಊರಿನ ಎಲ್ಲ ಲಾರಿಗಳಿಗೂ ಒಟ್ಟಿಗೇ ಕೇಳಿಸುವಂಥದ್ದು.

"ಏಳನೇ ನಂಬರ್ ಲಾರಿಯ ನಾರ್ಬ್‌ಗೆ ಸಂದೇಶ. ನಿನ್ನ ಹೆಂಡ್ತಿ ಡೊಲೊರೆಸ್ ಫೋನ್ ಮಾಡಿದ್ರು. ಅವರು ಹೇಳಿದ್ದನ್ನ ಹಾಗೇ ಓದ್ತೀನಿ. 'ಮಾವನ ಸೀಟನ್ನ ನನ್ ತಮ್ಮನ ಹತ್ರ ಬಾಜಿ ಕಟ್ಟಿದ್ಯಂತೆ. ಅವನು ಆ ಸೀಟಿಗೆ ಬಂದ್ರೆ ಪ್ರತಿ ಭಾನುವಾರ ನಮ್ಮನೆಗೆ ಊಟಕ್ಕೂ ಬರ್ತಾನೆ. ಅಡುಗೆ ನೀನೇ ಮಾಡು.' ಸಂದೇಶ ಮುಗೀತು."

ಹನ್ನೆರಡು ಲಾರಿಗಳಿಂದ ಹನ್ನೆರಡು ಬಗೆಯ ನಗು ಕೇಳಿಬಂತು. ನಾರ್ಬ್ ಗಾಬರಿಯಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟ. ಅಲ್ಲಿ ಮುಚ್ಚಳ ತೆಗೆದ ಬಣ್ಣದ ಡಬ್ಬವಿತ್ತು. ಅದು ಉರುಳಿ ಎರಡೂ ಬೂಟು ಹಳದಿಯಲ್ಲಿ ಮುಳುಗೆದ್ದವು.

ಊಟದ ಬಿಡುವಾದ ಕೂಡಲೇ ಅವನು ಬುತ್ತಿ ಡಬ್ಬಿ ಹಿಡಿದು ವಾಂಡಾಳ ಮನೆಗೆ ಓಡಿದ. ವಾಂಡಾ ತಾಲೀಮು ಮೈದಾನದ ಹಿಂದಿನ ಬೀದಿಯಲ್ಲಿದ್ದ ವಿಧವೆ. ಮೂವತ್ತು ವರ್ಷದಿಂದ ಟಗ್ಸ್ ತಂಡದ ಅಂಗಿ, ಟವೆಲುಗಳನ್ನು ಒಗೆಯುತ್ತಿದ್ದವಳು. ಮಧ್ಯಾಹ್ನಕ್ಕೆ ಅವಳ ಪಾಳಿ ಮುಗಿಯುತ್ತಿತ್ತು. ಒಳಗಿನ ಸುದ್ದಿ ಹೊರಗೆ ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಅವಳು ಹವಾಮಾನದ ವಿಷಯವನ್ನೂ ಯೋಚಿಸಿ ಹೇಳುತ್ತಿದ್ದಳು.

"ವಾಂಡಕ್ಕ, ಒಂದೇ ಮಾತು. ಆ ಮೇಹ್ಯೂ ಹುಡುಗ..."

"ನಂಗೇನೂ ಗೊತ್ತಿಲ್ಲ. ಇವತ್ತು ಬಿಸಿಲು ಜಾಸ್ತಿ."

ನಾರ್ಬ್ ಡಬ್ಬಿಯ ಮುಚ್ಚಳ ತೆಗೆದ. ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು, ಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ. ವಾಂಡಾಳ ಮೂಗು ತಾನಾಗಿಯೇ ಮುಂದೆ ಬಂತು.

"ಡೊಲೊರೆಸ್ ಮಾಡಿದ್ದಾ?"

"ಹೂಂ. ಎಲ್ಲಾ ನಿಂಗೇ."

ವಾಂಡಾ ಬೀದಿಯ ಎರಡೂ ಕಡೆ ನೋಡಿ, ಒಂದು ಪಿರೋಗಿ ಬಾಯಿಗೆ ಹಾಕಿಕೊಂಡಳು. "ನಾನು ಹೇಳ್ದೆ ಅಂತ ಎಲ್ಲೂ ಬಾಯ್ಬಿಡ್ಬೇಡ. ಬೆಳಿಗ್ಗೆ ಟವೆಲ್ ಇಡಕ್ಕೆ ಹೋದಾಗ ನೋಡ್ದೆ. ಆ ಹುಡುಗ ಬಟ್ಟೆ ಇಡೋ ಲಾಕರ್ ಖಾಲಿ. ಮೇಲೆ ಅಂಟ್ಸಿದ್ದ ಹೆಸರಿನ ಪಟ್ಟಿನೂ ಕಿತ್ತಿದ್ರು." ಇಷ್ಟು ಹೇಳಿ ಎರಡನೆಯ ಪಿರೋಗಿ ಇಡಿಯಾಗಿ ಬಾಯಿಗಿಟ್ಟು, ಅಗಿಯುತ್ತ, ಒಂದು ಬೆರಳೆತ್ತಿ ತೋರಿಸಿದಳು.

ಯಾರಿಗೂ ಹೇಳಬೇಡ ಎಂದು ಆ ಬೆರಳಿನ ಅರ್ಥ ಮಾಡಿಕೊಂಡ ನಾರ್ಬ್, ಸರಿ ಸರಿ ಎಂದು ತಲೆ ಆಡಿಸಿ ಅಲ್ಲಿಂದ ಓಟ ಕಿತ್ತ. ಇನ್ನು ಕೇಳುವುದೇನಿತ್ತು? ಲಾಕರ್ ಖಾಲಿಯಾದರೆ ಬಸ್ಸು ಹತ್ತಿದ ಹಾಗೆ ಎನ್ನುವುದು ಪೋರ್ಟ್ ಹಾಲೆಕ್ಕಿನಲ್ಲಿ ಹಸುಗೂಸಿಗೂ ಗೊತ್ತು.

ಸ್ವಲ್ಪ ದೂರ ಓಡಿ, ಚರ್ಚಿನ ಗೋಡೆಗೆ ಒರಗಿ ನಿಂತ. ನಿಜ ಹೇಳಬೇಕೆಂದರೆ ಮೊದಲು ಅವನಿಗೆ ನೋವಾದದ್ದು ಆ ಹುಡುಗನಿಗಾಗಿ. ಆಮೇಲೆ ಹದಿನೈದನೆಯ ಸೀಟು ನೆನಪಾಯಿತು. ಗಡಿಯಾರ ನೋಡಿದ. ಒಂದು ಗಂಟೆ. ನಾಲ್ಕರವರೆಗೆ ಬಾಜಿ ಬದಲಾಯಿಸಬಹುದು, ಇಬ್ಬರೂ ಒಪ್ಪಿದರೆ. ರೇ ಯಾಕೆ ಒಪ್ಪುತ್ತಾನೆ?

ಉಪಾಯವೇನೂ ಹೊಳೆಯದೆಯೇ ಅವನು ಕಾರ್ಪೆಟ್ ಅಂಗಡಿ ಹೊಕ್ಕ. ಒಳಗೆ ಗಿರಾಕಿಗಳಿರಲಿಲ್ಲ. ರೇ ಸುರುಳಿಗಳ ನಡುವೆ ಕೂತು ಕಡಲೆಕಾಯಿ ತಿನ್ನುತ್ತಿದ್ದ.

"ಏನ್ ಭಾವ, ಸೀಟಿಗೆ ದಿಂಬು ತರ್ಬೇಕೋ, ಅಲ್ಲೇ ಇದ್ಯೋ?"

ನಾರ್ಬ್ ಒಂದು ಸುರುಳಿಯ ಮೇಲೆ ಕುಸಿದು ಕೂತ. "ರೇ, ಒಂದೇ ಒಂದು ಸಲ ಐವತ್ತೇಳರ ಕತೆ ಪೂರ್ತಿ ಕೇಳ್ತೀಯಾ?"

ದನಿಯಲ್ಲಿ ಏನಿತ್ತೋ, ರೇ ಕಡಲೆಕಾಯಿ ಕೆಳಗಿಟ್ಟ.

ನಾರ್ಬ್ ಹೇಳತೊಡಗಿದ. ಆಗ ಅವನಿಗೆ ಒಂಬತ್ತು ವರ್ಷ. ಸರೋವರದ ಕಡೆಯಿಂದ ಗಾಳಿ, ಮೊಣಕಾಲುದ್ದ ಹಿಮ. ಅಪ್ಪ ಬಂದರಿನಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಯಿಲ್ಲದೆ, ಮಗನನ್ನು ಕರೆದುಕೊಂಡು ಬಂದಿದ್ದ. ಅವನ ಕೋಟಿನಿಂದ ಗೋಧಿಯ ಧೂಳಿನ ವಾಸನೆ ಬರುತ್ತಿತ್ತು. ಒಂದು ಥರ್ಮಾಸ್ ಸೂಪನ್ನು ಒಂದೇ ಮುಚ್ಚಳದಲ್ಲಿ ಇಬ್ಬರೂ ಕುಡಿದರು. ತಂಡದ ಐದು ಜನ ರಿಸೀವರುಗಳೂ ಗಾಯವಾಗಿ ಹೊರಗೆ ಕೂತಿದ್ದರು. ಕೊನೆಗೆ ವರ್ಷವೆಲ್ಲ ಬೆಂಚಿನ ಮೇಲೇ ಕೂತಿದ್ದ ಆರನೆಯವನನ್ನು ಇಳಿಸಿದರು. ಎಲ್ಮರ್ ತಿಬೋಡೊ, ಎಂಬತ್ತನಾಲ್ಕನೆಯ ನಂಬರಿನ ಅಂಗಿ. ಜನ ಎದ್ದು ಮನೆಗೆ ಹೊರಟರು. ಅಪ್ಪ ಏಳಲಿಲ್ಲ. 'ಕೂತ್ಕೋ ಮಗಾ, ಇವನಿಗಾಗಿ ಯಾರಾದ್ರೂ ಕೂತಿರಬೇಕಲ್ಲ' ಅಂದ. ಕೊನೆಯ ಗಳಿಗೆಯಲ್ಲಿ ಚೆಂಡು ಹಿಮದೊಳಗೆ ಮಾಯವಾಯಿತು. ಯಾರಿಗೂ ಏನೂ ಕಾಣಲಿಲ್ಲ. ಆಮೇಲೆ ದೂರದ ಮೂಲೆಯಲ್ಲಿ ಒಂದು ಬರಿಗೈ ಮೇಲೆದ್ದಿತು, ಕೈಯಲ್ಲಿ ಚೆಂಡು. ಅಪ್ಪ ತನ್ನ ಟೋಪಿಯನ್ನು ಮಗನ ತಲೆಗೆ ಹಾಕಿ, ಮಗನನ್ನು ಹೆಗಲ ಮೇಲೆ ಹೊತ್ತು, ಮನೆಯವರೆಗೂ ಬರಿತಲೆಯಲ್ಲಿ ನಡೆದುಕೊಂಡು ಹೋದ.

"ದಾರಿಯುದ್ದಕ್ಕೂ ಅದನ್ನೇ ಹೇಳ್ತಿದ್ದ, ರೇ. ಐವರು ಬಿಸಿಲಿಗೆ, ಆರನೆಯವನು ಹಿಮಕ್ಕೆ."

ಸೂಪಿನಲ್ಲಿ ಏನೇನಿತ್ತು ಎನ್ನುವುದರಿಂದ ಹಿಡಿದು ಒಂದೂ ಬಿಡದೆ ಹೇಳಿದ್ದರಿಂದ ಕತೆ ಮುಗಿಯುವಾಗ ಮೂರು ಗಂಟೆ ದಾಟಿತ್ತು. ರೇ ಮೂಗು ಒರೆಸಿಕೊಳ್ಳುತ್ತಿದ್ದ.

"ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಭಾವ?"

"ನೀವು ಬಿಟ್ರಾ?"

"ಇಲ್ಲ, ನಂಗೂ ಈಗ ಆರೇ ಸರಿ ಅನ್ಸ್ತಿದೆ. ಐದು ಅಂತ ಯಾವ ಬಾಯಲ್ಲಿ ಹೇಳ್ಲಿ? ನಾನು ಆರಿನ ಕಡೆ."

ಹುಡುಕಿದರೂ ಸಿಗದ ಉಪಾಯ ತಾನಾಗಿಯೇ ನಾರ್ಬ್‌ನ ಮಡಿಲಿಗೆ ಬಂದು ಬಿದ್ದಿತ್ತು. ಅವನು ಕಣ್ಣು ಕೆಳಗೆ ಹಾಕಿ ಮೆಲ್ಲಗೆ ಹೇಳಿದ: "ಇಬ್ರೂ ಆರು ಅಂದ್ರೆ ಅದು ಬಾಜಿ ಹ್ಯಾಗಾಗುತ್ತೆ ರೇ? ಯಾರಾದ್ರೂ ಒಬ್ರು ಐದು ಹಿಡೀಬೇಕು. ನಾನು ದೊಡ್ಡೋನು. ನಾನೇ ಹಿಡೀತೀನಿ. ಆರು ಬಂದ್ರೆ ಸೀಟು ನಿಂದು."

"ಭಾವ!" ರೇ ಅವನ ಎರಡೂ ಕೈ ಹಿಡಿದುಕೊಂಡ. "ಎಂಥಾ ದೊಡ್ಡ ಮನಸ್ಸು ನಿಂದು!"

ನಾರ್ಬ್‌ಗೆ ಒಳಗೆ ಮುಳ್ಳು ಮುರಿದಂತಾಯಿತು. ಮೂವತ್ತು ವರ್ಷ ಹೇಳಲಾಗದ ಕತೆಯನ್ನು ಅಷ್ಟು ಚೆನ್ನಾಗಿ ಹೇಳಿ, ಈಗ ಅದನ್ನೇ ಹಿಡಿದು ಬಾಜಿಯಿಂದ ನುಣುಚಿಕೊಳ್ಳುತ್ತಿದ್ದ. ಆದರೆ ಅಪ್ಪನ ಸೀಟು ಉಳಿಯಬೇಕಲ್ಲ! ಅಪ್ಪನ ಮಾತು ಬಿಟ್ಟಾದರೂ ಅಪ್ಪನ ಸೀಟು ಉಳಿಸಿಕೊಳ್ಳೋಣ ಎಂದು ಮನಸ್ಸಿಗೆ ಸಮಾಧಾನ ಹೇಳಿದ.

ಮೂರೂ ಮುಕ್ಕಾಲಿಗೆ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಗಸ್‌ನ ಅಂಗಡಿಗೆ ಬಂದಾಗ ಎಲ್ಲರೂ ಎದ್ದು ನಿಂತರು. ಇಬ್ಬರೂ ಪಕ್ಷ ಬದಲಾಯಿಸಿದ್ದಾರೆ ಎಂದಾಗ ಅರ್ಧ ಜನ ಕೂತುಬಿಟ್ಟರು.

"ನೀನು? ಐದು?" ಗಸ್ ನಾರ್ಬ್‌ನನ್ನು ದಿಟ್ಟಿಸಿದ. "ಜ್ವರ ಇದ್ಯಾ?"

"ಬರಿ ಗಸ್ಸಣ್ಣ, ಟೈಮಾಗುತ್ತೆ."

ಗಸ್ ಕನ್ನಡಿ ಒರೆಸಿ, 'ನಾರ್ಬ್ 5, ರೇ 6' ಎಂದು ಬರೆದ. ಇಬ್ಬರೂ ಕೈ ಕುಲುಕಿದರು. ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ರೇಡಿಯೋದವನು ಗಂಟಲು ಸರಿಮಾಡಿಕೊಂಡು ಪಟ್ಟಿ ಓದತೊಡಗಿದ. ಚೆಂಡು ಎಸೆಯುವವರು, ಗುದ್ದುವವರು, ಒದೆಯುವವರು, ಎಲ್ಲ ಮುಗಿದು ಕೊನೆಗೆ ರಿಸೀವರುಗಳ ಸರದಿ ಬಂತು. ಅಂಗಡಿಯ ಒಂಬತ್ತು ಜನರೂ ಬೆರಳು ಮಡಿಚಿ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು. ಇಲ್ಲಿ ರೇಡಿಯೋದವನು ಕೆಮ್ಮಿದ. ನಾರ್ಬ್ ಕಣ್ಣು ಮುಚ್ಚಿಕೊಂಡ.

"ಮತ್ತು ಕ್ವಿಂಟನ್ ಮೇಹ್ಯೂ."

"ನೋಡಿದ್ರಾ!" ಎಂದು ಕೂಗಿ ನಾರ್ಬ್ ಒಂದು ಗೇಣು ಮೇಲಕ್ಕೆ ಹಾರಿದ. "ನಾನು ಹೇಳ್ಲಿಲ್ವಾ! ಆರು! ಬೇಸಿಗೆಯಿಂದ ಬಡ್ಕೋತಿದ್ದೀನಿ! ಹಿಮಕ್ಕೊಬ್ಬ ಬೇಕೇ ಬೇಕು ಅಂತ..."

ನೆಲಕ್ಕೆ ಕಾಲು ತಾಗುವಷ್ಟರಲ್ಲಿ ಎದುರಿನ ಕನ್ನಡಿ ಕಂಡಿತು. ಅದರಲ್ಲಿ ಅರ್ಧ ಕ್ಷೌರವಾದ ಒಂದು ತಲೆ, ಅದರ ಪಕ್ಕದಲ್ಲಿ ದಪ್ಪಕ್ಷರದಲ್ಲಿ 'ನಾರ್ಬ್ 5'. ಎತ್ತಿದ ಕೈ ಇಳಿಸಲೂ ಮರೆತು ಅವನು ಹಾಗೇ ನಿಂತುಬಿಟ್ಟ.

"ಆದ್ರೆ... ಲಾಕರ್ ಖಾಲಿ ಇತ್ತಲ್ಲ," ಎಂದು ತನಗೆ ತಾನೇ ಗೊಣಗಿದ.

ಅದೇ ಹೊತ್ತಿಗೆ ಬಾಗಿಲು ತೆರೆದು ಹ್ಯಾಟೀ ಬಂದಳು, ಅವಳ ಹಿಂದೆ ಖಾಲಿ ಬುತ್ತಿ ಡಬ್ಬಿ ಹಿಡಿದ ವಾಂಡಾ.

"ಮಧ್ಯಾಹ್ನದಿಂದ ನಿನ್ನ ಹುಡುಕ್ತಿದ್ದೀನಿ," ಅಂದಳು ಹ್ಯಾಟೀ. "ಕೊನೆಗೆ ಹಳದಿ ಬೂಟಿನ ಗುರುತು ಹಿಡ್ಕೊಂಡು ಬಂದೆ. ಮೊದ್ಲು ವಾಂಡಾ ಮನೆ ಮೆಟ್ಲು. ಅಲ್ಲಿಂದ ಚರ್ಚಿನ ಗೋಡೆ. ಅಲ್ಲಿಂದ ನೆಟ್ಟಗೆ ರೇ ಅಂಗಡಿ. ಒಳಗೆ ಬಿಳೀ ಕಾರ್ಪೆಟ್ ಮೇಲೆ ಅಂತೂ ಚೆನ್ನಾಗಿ ಮೂಡಿದೆ. ಎಲ್ಮ್ ರಸ್ತೆ ಗೆರೆಗಿಂತ ನೆಟ್ಟಗಿದೆ."

"ಪೂರ್ತಿ ಕೇಳಿಸ್ಕೊಳ್ದೆ ಓಡಿದ್ಯಲ್ಲೋ!" ಅಂದಳು ವಾಂಡಾ. "ಬಾಯಲ್ಲಿ ಪಿರೋಗಿ ಇತ್ತು, ಒಂದು ನಿಮಿಷ ತಾಳು ಅಂತ ಬೆರಳು ತೋರ್ಸಿದೆ. ಹೊಸ ಹುಡುಗರ ಲಾಕರ್ ಇರೋದು ಕೋಣೆ ಮಧ್ಯದಲ್ಲಿ. ಕಾಗದದ ಪಟ್ಟೀಲಿ ಹೆಸರು. ತಂಡಕ್ಕೆ ಆಯ್ಕೆಯಾದ್ರೆ ಅದನ್ನ ಕಿತ್ತು, ಗೋಡೆ ಪಕ್ಕದ ದೊಡ್ಡ ಲಾಕರ್ ಕೊಡ್ತಾರೆ. ನಾನೇ ಅವನ ಟವೆಲ್ ಅಲ್ಲಿಟ್ಟು ಬಂದೆ. ಎಂಬತ್ನಾಲ್ಕನೇ ಅಂಗಿ ಬೇಕು ಅಂತ ಕೇಳಿ ಇಸ್ಕೊಂಡನಂತೆ."

ಮೂವತ್ತು ವರ್ಷ ರಿಸೀವರುಗಳ ಬಗ್ಗೆ ಊರಿಗೆಲ್ಲ ಪಾಠ ಹೇಳಿದ ನಾರ್ಬ್ ಒಂದು ದಿನವೂ ಆ ಕೋಣೆಯ ಒಳಗೆ ಕಾಲಿಟ್ಟವನಲ್ಲ. ಅವನು ಕುರ್ಚಿಯಲ್ಲಿ ಮೆಲ್ಲಗೆ ಕೂತ.

ಎಲ್ಲರೂ ರೇಯ ಮುಖ ನೋಡಿದರು. ರೇ ಬಾಗಿಲಾಚೆಯ ಹಳದಿ ಹೆಜ್ಜೆಗಳನ್ನು ನೋಡಿದ, ವಾಂಡಾಳನ್ನು ನೋಡಿದ, ನಾರ್ಬ್‌ನನ್ನು ನೋಡಿದ. ಲೆಕ್ಕ ಕೂಡಿಸಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬಯ್ಯುತ್ತಾನೆಂದು ಎಲ್ಲರೂ ಕಾದರು. ಆದರೆ ಗೆದ್ದವನಿಗೆ ಕೋಪ ಎಲ್ಲಿಂದ ಬರಬೇಕು? ಅವನು ಹತ್ತಿರ ಬಂದು ಭಾವನ ಹೆಗಲು ತಟ್ಟಿದ.

"ಎಂಥಾ ದೊಡ್ಡ ಮನಸ್ಸು ಭಾವ ನಿಂದು!"

ಅಂಗಡಿಯ ಗಾಜು ಅದುರುವಂತೆ ನಗು ಎದ್ದಿತು. ಗಸ್ ಕತ್ತರಿ ಎತ್ತಿಕೊಂಡ. "ತಲೆ ಬಗ್ಸು, ಉಳಿದರ್ಧನೂ ಬೋಳಿಸಿಬಿಡೋಣ."

ಸೆಪ್ಟೆಂಬರಿನ ಮೊದಲ ಆಟದ ಭಾನುವಾರ ರೇ ನಾರ್ಬ್‌ನ ಮನೆಯಲ್ಲಿ ನಾರ್ಬ್ ಮಾಡಿದ ಅಡುಗೆ ಉಂಡು, ಬಗಲಲ್ಲಿ ದಿಂಬು ಇಟ್ಟುಕೊಂಡು, ಮೂವತ್ತೊಂದನೆಯ ಸಾಲಿಗೆ ಬಂದ. ಅಪ್ಪನ ಟೋಪಿಯನ್ನು ನಾರ್ಬ್ ತನ್ನ ತೊಡೆಯ ಮೇಲೆ ಇಟ್ಟುಕೊಂಡ. ರೇ ಹದಿನೈದರಲ್ಲಿ ಕೂತು, ಕಾಲು ಅಲ್ಲಾಡಿಸಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಇಡೀ ಮೈದಾನವನ್ನು ಎಡದಿಂದ ಬಲಕ್ಕೆ ನೋಡಿದ. ನೋಡಿ, ಕೇಳದೆಯೇ ಎರಡನೆಯ ಸಾಸೇಜ್ ಬನ್ನು ಎತ್ತಿಕೊಂಡ.

ಎಂಬತ್ತನಾಲ್ಕನೆಯ ಅಂಗಿ ಹಾಕಿದ ಹುಡುಗ ಓಡಿಬಂದು ಬೆಂಚಿನ ತುದಿಯಲ್ಲಿ ಕೂತ. ಹಿಂದಿನ ಸಾಲಿನ ಮುದುಕರೊಬ್ಬರು ಮುಂದಕ್ಕೆ ಬಾಗಿ, "ಆರು ಜನ ರಿಸೀವರು ದಂಡ ಅಲ್ವೇನ್ರೀ?" ಎಂದು ಕೇಳಿದರು.

"ಏನ್ ಸಾರ್, ಹೀಗಂತೀರಿ!" ರೇ ಪೂರ್ತಿ ತಿರುಗಿ ಕೂತ. "ನಾನು ಬಾಜಿನೇ ಕಟ್ಟಿದ್ದೆ ಆರು ಅಂತ. ಐವತ್ತೇಳನೇ ಇಸವೀಲಿ ಏನಾಯ್ತು ಗೊತ್ತಾ? ಕೇಳಿ. ಐವರು ಬಿಸಿಲಿಗೆ, ಆರನೆಯವನು ಹಿಮಕ್ಕೆ."

ನಾರ್ಬ್ ಥಟ್ಟನೆ ಪಕ್ಕಕ್ಕೆ ತಿರುಗಿದ. ಒಂಬತ್ತು ವರ್ಷದಿಂದ ಸುಮ್ಮನಿದ್ದ ಸೀಟಿನಿಂದ ಆ ಮಾತು ಬಂದಿತ್ತು. ಅರೆಗಳಿಗೆ ಅವನ ಮೂಗಿಗೆ ಗೋಧಿಯ ಧೂಳಿನ ವಾಸನೆಯೂ ಬಂದ ಹಾಗಾಯಿತು.

"ಮತ್ತೆ ಇವ್ರು?" ಎಂದು ಮುದುಕರು ನಾರ್ಬ್ ಕಡೆ ಕೈ ತೋರಿಸಿದರು. "ಇವ್ರು ಎಷ್ಟು ಅಂದಿದ್ರು?"

"ನಮ್ ಭಾವನಾ?" ರೇ ದನಿ ತಗ್ಗಿಸಿದ. "ಪಾಪ, ಅವ್ರದ್ದು ಐದು. ಅವ್ರಿಗೆ ಹಳೇ ಕತೆ ಎಲ್ಲಾ ಅಷ್ಟಾಗಿ ಗೊತ್ತಿಲ್ಲ."

ನಾರ್ಬ್ ಬಾಯಿ ತೆರೆದ. ಊರಿಗೆ ಊರೇ ನೋಡಿದ ಹಳದಿ ಹೆಜ್ಜೆಗಳು ನೆನಪಾಗಿ ಬಾಯಿ ಮುಚ್ಚಿದ. ತೊಡೆಯ ಮೇಲಿನ ಟೋಪಿಯನ್ನು ನೇವರಿಸಿ, ಬಾಮೈದನ ಮೊಣಕೈ ತಟ್ಟಿದ.

"ರೇ, ಆ ಮಾತು ಇನ್ನೊಂದ್ ಸಲ ಹೇಳು."